ಸದ್ದಿಲ್ಲದ ಊರಿನಲ್ಲಿ ಒಂದು ಹಾರ್ನು

ಎದುರು ಮನೆಯ ಸರೋಜಮ್ಮ ತೆಂಗಿನ ಸಿಪ್ಪೆ ನೆನೆಹಾಕಿದ್ದಾರೆ. ಹೂವಿನ ಕುಂಡಗಳಿಗೆ ನಾರು ಬೇಕಂತೆ, ಪೇಟೆಯಿಂದ ತರಿಸಿದ್ದು ಅವರ ಮನಸ್ಸಿಗೆ ಬರುವುದಿಲ್ಲವಂತೆ. ಒಗೆಯುವ ಕಲ್ಲಿನ ಪಕ್ಕದ ಹಳೇ ಸಿಮೆಂಟು ತೊಟ್ಟಿಯಲ್ಲಿ ಸಿಪ್ಪೆ ಮುಳುಗಿ ಮೂರು ವಾರವಾಯಿತು. ಮೊದಲ ವಾರ ಯಾರಿಗೂ ಏನೂ ತಿಳಿಯಲಿಲ್ಲ. ಎರಡನೆಯ ವಾರಕ್ಕೆ ನಮ್ಮ ಓಣಿಯವರೆಲ್ಲ ಮೂಗಿಗೆ ಸೆರಗು, ಕರ್ಚೀಫು ಹಿಡಿದು ಓಡಾಡತೊಡಗಿದರು. ಕೆರೆಯ ತಳದ ಕೆಸರು, ಹಳೆಯ ಹಗ್ಗ, ಕೊಳೆತ ಮೊಟ್ಟೆ ಮೂರೂ ಸೇರಿದಂಥ ವಾಸನೆ. ಸೊರಬದಂಥ ಊರಿನಲ್ಲಿ ಇಂಥದ್ದಕ್ಕೆ ಯಾರೂ ನೇರ ಜಗಳಕ್ಕೆ ಹೋಗುವುದಿಲ್ಲ. "ಎಲ್ಲೋ ಚರಂಡಿ ಕಟ್ಕಂಡಿದೆ ಅಲ್ವಾ ಸರೋಜಕ್ಕ?" ಎಂದು ಅವರ ಗೇಟಿನ ಮುಂದೆಯೇ ನಿಂತು ಕೇಳುತ್ತಾರೆ.

ನಾನು ಮಾತ್ರ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಆ ಕಡೆಯ ಕಿಟಕಿ ತೆರೆದು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮೊನ್ನೆ ಸರೋಜಮ್ಮ ಅದನ್ನು ಕಂಡು ಸಂಕೋಚದಿಂದ, "ಇನ್ನೆರಡು ದಿನ ತಡ್ಕಳ್ರೀ ಮೇಡಂ, ನೀರು ಬಸ್ದು ಬಿಡ್ತೀನಿ" ಅಂದರು.

"ಅವಸರ ಇಲ್ರೀ. ಇರ್ಲಿ ಬಿಡಿ, ನಂಗೆ ಇಷ್ಟ" ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. ನಾನು ಕುಹಕವಾಡುತ್ತಿದ್ದೇನೆ ಎಂದುಕೊಂಡರೋ ಏನೋ, ಆ ದಿನವೆಲ್ಲ ಮಾತಾಡಲಿಲ್ಲ. ಅವರಿಗೆ ಹೇಗೆ ಹೇಳುವುದು? ನನ್ನ ಜೀವಮಾನದಲ್ಲಿ ನಾನು ಕಂಡ ಅತಿ ಚಂದದ ಊರಿಗೆ ಇದೇ ವಾಸನೆ ಇತ್ತು.

ಆ ಊರು ಒಂದು ದ್ವೀಪದಲ್ಲಿದೆ. ಹೆಸರು ಬರೆಯುವುದಿಲ್ಲ. ಅಲ್ಲಿ ನಮ್ಮನ್ನು ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದ, ಚಿಕ್ಕಮ್ಮ ಎಂಬರ್ಥದಲ್ಲಿ ಊರೆಲ್ಲ ಮೌಸಿ ಎಂದು ಕರೆಯುವ ಹೆಂಗಸು, "ಊರಿಗೆ ಹೋಗಿ ನಾಲ್ಕು ಜನಕ್ಕೆ ಹೇಳಬೇಡ, ನಾಲ್ಕು ಜನ ನಲವತ್ತಾಗುತ್ತಾರೆ, ನಲವತ್ತಾದ ಮೇಲೆ ರಸ್ತೆ ಬೇಕು ಅನ್ನುತ್ತಾರೆ" ಎಂದು ಹಿಂದಿಯಲ್ಲಿ ಹೇಳಿ ಕಳಿಸಿದ್ದಾರೆ. ವಿಮಾನ, ಅದಾದ ಮೇಲೆ ದೊಡ್ಡ ದೋಣಿ, ಅದಾದ ಮೇಲೆ ಸಣ್ಣ ದೋಣಿ ಹತ್ತಿ ತಲುಪಬೇಕಾದ ಜಾಗ ಎಂದಷ್ಟೇ ತಿಳಿದುಕೊಳ್ಳಿ. ಅಲ್ಲಿ ಕಾರಿಲ್ಲ, ಬೈಕಿಲ್ಲ, ಆಟೋ ಇಲ್ಲ. ಇರುವುದು ಮರಳಿನ ಎರಡು ಓಣಿ, ಒಂದಷ್ಟು ಕೈಗಾಡಿ, ಲೆಕ್ಕವಿಲ್ಲದಷ್ಟು ತೆಂಗು.

ಅಲ್ಲಿಗೆ ಹೋಗಬೇಕೆಂದು ಹಟ ಹಿಡಿದವರು ನನ್ನ ಸೋದರಮಾವ. ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಮನುಷ್ಯ. ಬೆಳಿಗ್ಗೆ ಸೊರಬದಿಂದ ಶಿಕಾರಿಪುರ, ಮಧ್ಯಾಹ್ನ ವಾಪಸ್ಸು, ಸಂಜೆ ಜಡೆ ಎಂಬ ಹಳ್ಳಿಗೊಂದು ಟ್ರಿಪ್ಪು. ಶಿಕಾರಿಪುರದಲ್ಲಿ ಡಿಗ್ರಿ ಓದುವಾಗ ಮೂರು ವರ್ಷ ಅವರ ಬಸ್ಸಿನಲ್ಲೇ ಓಡಾಡಿದವಳು ನಾನು. ಡ್ರೈವರ್ ಹಿಂದಿನ ಸೀಟು ನನ್ನದು. ಬೇರೆ ಯಾರಾದರೂ ಕೂತರೆ ಮಾವ ಕನ್ನಡಿಯಲ್ಲೇ ಅವರನ್ನು ಒಮ್ಮೆ ನೋಡುತ್ತಿದ್ದರು, ಅವರಾಗಿಯೇ ಏಳುತ್ತಿದ್ದರು. ಇಂಜಿನ್ನಿನ ಬಿಸಿಗೆ ಕಾಲು ಸುಡುತ್ತಿತ್ತು. ಶಿರಾಳಕೊಪ್ಪದ ಸಂತೆಯ ದಿನ ಕೋಳಿ, ಕುರಿಮರಿ, ಈರುಳ್ಳಿ ಚೀಲಗಳ ನಡುವೆ ಪರೀಕ್ಷೆಗೆ ಓದಿದ್ದೇನೆ. ಆ ಗದ್ದಲದಲ್ಲಿ ಮಾವ ಒಮ್ಮೆ ಹಿಂದಕ್ಕೆ ತಿರುಗದೆಯೇ ಕೇಳಿದ್ದರು: "ಏನವ್ವಾ, ನಿನ್ನ ಪುಸ್ತಕದಾಗ ಗಾಡಿನೇ ಇಲ್ಲದ ಊರು ಯಾವ್ದಾದ್ರೂ ಐತೇನು?"

"ಯಾಕೆ ಮಾವ?"

"ರಿಟೈರ್ಡ್ ಆದ್ಮೇಲೆ ಒಂದ್ಸಲ ಹೋಗಿ ಸುಮ್ನೆ ಕುಂತು ಬರಾಣ ಅಂತ. ಕಿವಿ ಸೋತು ಹೋಗ್ಯಾವು."

ನಾನು ಸಮಾಜ ವಿಜ್ಞಾನದ ಟೀಚರ್ ಆಗಿ ಹತ್ತು ವರ್ಷವಾಗುವ ಹೊತ್ತಿಗೆ ಮಾವ ನಿವೃತ್ತರಾಗಿದ್ದರು. ಎಲ್ಲೋ ಓದುತ್ತಾ ಕೂತಾಗ ಈ ದ್ವೀಪದ ವಿಷಯ ಸಿಕ್ಕಿತು. ಫೋನು ಮಾಡಿ ಹೇಳಿದ್ದೇ ತಪ್ಪಾಯಿತು, ಮರುದಿನವೇ ಮಾವ ಹೊಸ ಬ್ಯಾಗು ಕೊಂಡರು. ಅತ್ತೆ ಬರಲಿಲ್ಲ. "ನೀರಿನ ಮೇಲೆ ಹೋಗೋದು ನನ್ನ ಕೈಲಾಗಲ್ಲ. ನೀವಿಬ್ರು ಹೋಗ್ಬನ್ನಿ. ನೀನು ಓದ್ದಾಕಿ ಜತೆಗಿರ್ತೀಯಲ್ಲ, ನಂಗೆ ಧೈರ್ಯ" ಅಂದು ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟರು. ಓದಿದವಳು ಜೊತೆಗಿದ್ದರೆ ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ.

ದೊಡ್ಡ ದೋಣಿಯಲ್ಲಿ ಪಕ್ಕ ಕೂತಿದ್ದ ಹೆಂಗಸು ನರ್ಸಂತೆ. ಯಾವ ಊರು ಅಂದರು. ಸೊರಬ ಅಂದೆ, ಗೊತ್ತಾಗಲಿಲ್ಲ. ಶಿಕಾರಿಪುರ ಅಂದೆ, ಅದೂ ಆಗಲಿಲ್ಲ. ಕ್ಯಾಸನೂರು ಅಂದ ಕೂಡಲೇ ಆಕೆಯ ಕಣ್ಣು ಅರಳಿತು, ಜೊತೆಗೇ ಆಕೆ ಒಂದು ಗೇಣು ಆಚೆ ಸರಿದರು. ಅಲ್ಲಿಯ ಕಾಡಿನ ಉಣ್ಣಿ ಹರಡುವ ಮಂಗನ ಕಾಯಿಲೆಯಿಂದಲೇ ಜಗತ್ತಿಗೆ ಪರಿಚಯವಾದವರು ನಾವು. ವಿಷಯ ಏನೆಂದು ಕೇಳಿ ತಿಳಿದುಕೊಂಡ ಮಾವ, "ನಮ್ಮ ಕಡೆ ಉಣ್ಣಿ ಬಸ್ ಹತ್ತಲ್ಲ, ದೋಣಿ ಎಲ್ಲಿಂದ ಹತ್ತತೈತಿ ಅನ್ನು ಅವ್ರಿಗೆ" ಅಂದರು. ಅದನ್ನು ಹಿಂದಿಗೆ ತಿರುಗಿಸಲು ನನ್ನಿಂದಾಗಲಿಲ್ಲ.

ನೀವು ಎಂದಾದರೂ ವಾಹನವೇ ಇಲ್ಲದ ಊರಿನಲ್ಲಿ ನಿದ್ದೆಯಿಂದ ಎದ್ದಿದ್ದೀರಾ? ಮೊದಲ ಬೆಳಿಗ್ಗೆ ನನಗೆ ಕಿವಿ ಕೆಟ್ಟಿದೆ ಅನ್ನಿಸಿತು. ಅದಾದ ಮೇಲೆ ಒಂದೊಂದೇ ಸದ್ದು ತಾನಾಗಿ ಹೊರಬಂತು: ತೆಂಗಿನ ಗರಿ ಗರಿಗೆ ತಾಗುವುದು, ಯಾರೋ ಮರಳನ್ನು ಕಡ್ಡಿಪೊರಕೆಯಿಂದ ಗೆರೆಗೆರೆಯಾಗಿ ಗುಡಿಸುವುದು, ಮೌಸಿ ನೆನೆದ ಸಿಪ್ಪೆಯನ್ನು ಕೋಲಿನಿಂದ ಬಡಿದು ನಾರು ಬಿಡಿಸುವುದು. ಊರಿನ ಕಡೆಯ ನೀರಿಗೆ ಹವಳದ ದಿಬ್ಬ ಅಡ್ಡ ಇದ್ದುದರಿಂದ ಅಲ್ಲಿ ಅಲೆ ಇರಲಿಲ್ಲ, ಕೆರೆಯಂತೆ ನಿಂತಿರುತ್ತಿತ್ತು. ದಂಡೆಯ ಗುಂಡಿಗಳಲ್ಲಿ ತಿಂಗಳುಗಟ್ಟಲೆ ಸಿಪ್ಪೆ ನೆನೆಯುತ್ತಿತ್ತು. ಆ ವಾಸನೆಗೆ ಮೊದಲ ದಿನ ನಾನೂ ಸೆರಗು ಹಿಡಿದಿದ್ದೆ. ಮೂರನೆಯ ದಿನಕ್ಕೆ ಅದು ಊರಿನ ವಾಸನೆಯಾಯಿತು.

ಅಲ್ಲಿ ಒಂದು ಪದ್ಧತಿ ಇತ್ತು. ಮರಳಿನ ಮೇಲೆ ಹೆಜ್ಜೆ ಸದ್ದು ಕೇಳಿಸುವುದಿಲ್ಲವಲ್ಲ, ಓಣಿಗಳೋ ಕಿರಿದು, ತಿರುವುಗಳೋ ಬೇಲಿಯಿಂದ ಮುಚ್ಚಿದವು. ಅದಕ್ಕಾಗಿ ತಿರುವಿನ ಹತ್ತಿರ ಬಂದಾಗ ಪ್ರತಿಯೊಬ್ಬರೂ ಒಂದು ದನಿ ಮಾಡುತ್ತಾರೆ. ಒಬ್ಬರದು "ಊ-ಹೂಂ", ಒಬ್ಬರದು ನಾಲಿಗೆಯ ಟಕಟಕ, ಮೌಸಿಯದು ಅರ್ಧ ಸಾಲಿನ ಯಾವುದೋ ಲಾಲಿ. ಯಾರ ದನಿ ಯಾವುದು ಎಂದು ಊರಿಗೆಲ್ಲ ಗೊತ್ತು. ಇದನ್ನು ಕಂಡ ಮಾವನ ಸಂತೋಷ ನೀವು ನೋಡಬೇಕಿತ್ತು. ಕಿವಿ ಸೋತಿದೆ ಎಂದು ಹಾರ್ನಿಲ್ಲದ ಊರು ಹುಡುಕಿಕೊಂಡು ಬಂದ ಮನುಷ್ಯ ಅರ್ಧ ದಿನದಲ್ಲಿ ತಾನೇ ಹಾರ್ನಾದರು. ಪ್ರತಿ ತಿರುವಿನಲ್ಲೂ "ಪೊಂ... ಪೊಂ ಪೊಂ." ಒಂದು ಉದ್ದ, ಎರಡು ಗಿಡ್ಡ. ಮೂವತ್ತೊಂದು ವರ್ಷ ಶಿಕಾರಿಪುರದ ರಸ್ತೆಯ ತಿರುವುಗಳಲ್ಲಿ ಹೊಡೆದದ್ದು ಅದನ್ನೇ. ಮಾವ ಓಣಿಯ ಎಡಬದಿಯಲ್ಲೇ ನಡೆಯುತ್ತಿದ್ದರು, ಎದುರಿಗೆ ಕೈಗಾಡಿ ಬಂದರೆ ನಿಂತು ಕೈ ತೋರಿಸಿ ದಾರಿ ಬಿಡುತ್ತಿದ್ದರು. ಎರಡನೆಯ ದಿನ ಊರಿನ ಹೆಂಗಸರು ಅವರ ದನಿ ಕೇಳಿದರೆ ಸಾಕು, ಒಳಗಿನಿಂದಲೇ ನಗುತ್ತಿದ್ದರು.

"ನಿನ್ನ ದನಿ ಯಾವುದು?" ಎಂದು ಮೌಸಿ ನನ್ನನ್ನು ಕೇಳಿದರು.

ನನಗೆ ನಾಚಿಕೆ. ಹದಿನೈದು ವರ್ಷ ಮಕ್ಕಳಿಗೆ "ಸೈಲೆನ್ಸ್" ಅಂದವಳು ನಡುಬೀದಿಯಲ್ಲಿ ಕೂಗುವುದೇ? ಸುಮ್ಮನೆ ಕೆಮ್ಮಿದೆ. "ಅದು ದನಿಯಲ್ಲ, ಕಾಯಿಲೆ" ಅಂದರು ಮೌಸಿ. ಮೌಸಿಗೂ ಮಾವನಿಗೂ ಒಂದು ಭಾಷೆಯೂ ಕೂಡುತ್ತಿರಲಿಲ್ಲ. ಆದರೂ ಅತ್ತೆಯ ಮಿಡಿ ಉಪ್ಪಿನಕಾಯಿಯನ್ನು ಇಬ್ಬರೂ ಎದುರುಬದುರು ಕೂತು ಚೀಪುತ್ತಾ, ಇವರು ಕನ್ನಡದಲ್ಲಿ, ಅವರು ಹಿಂದಿಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಬಾಟಲಿ ಖಾಲಿಯಾದ ಮೇಲೂ ತೊಳೆಯದೆ ಕಪಾಟಿನಲ್ಲಿಟ್ಟುಕೊಂಡರು ಮೌಸಿ, ವಾಸನೆಗೆ ಬೇಕಂತೆ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಎಷ್ಟೋ ಸಲ ಮನಸ್ಸಿನಲ್ಲಿ ಇಲ್ಲಿಗೇ ನಿಲ್ಲಿಸಿ ನೋಡಿದ್ದೇನೆ. ನಿಲ್ಲುವುದಿಲ್ಲ, ಮುಂದಿನದು ತಾನಾಗಿ ಬರುತ್ತದೆ.

ದ್ವೀಪದ ಇನ್ನೊಂದು ಬದಿಯಲ್ಲಿ ತೆರೆದ ಸಮುದ್ರ. ತೆಂಗಿನ ತೋಪಿನೊಳಗೆ ಹತ್ತು ನಿಮಿಷ ನಡೆದರೆ ಸಿಗುತ್ತದೆ. "ಆ ಕಡೆ ಹೋಗಿ ನೋಡಿ ಬನ್ನಿ, ಇಳಿಯುವುದಾದರೆ ಮಾತ್ರ ನನ್ನನ್ನು ಕೇಳಿ" ಎಂದು ಮೌಸಿ ಮೊದಲ ದಿನವೇ ಹೇಳಿದ್ದರು. ಕೊನೆಯ ದಿನ ಬೆಳಿಗ್ಗೆ ಮಾವ, "ಸಮುದ್ರಕ್ಕೆ ಬಂದು ಕೆರೇಲಿ ಈಜಿದಂಗಾತು. ಒಂದ್ಸಲ ಆ ಕಡೆ ಮುಳುಗಿ ಬರಾಣ ಬಾ" ಅಂದರು. ಮೌಸಿ ಸಿಪ್ಪೆ ಬಡಿಯುತ್ತಿದ್ದರು. ಕೇಳಬೇಕಿತ್ತು. ಸಮುದ್ರದ ಪಾಠ ಮಾಡುವವಳು ನಾನು. ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಬಿಸಿ ಪ್ರವಾಹ, ತಂಪು ಪ್ರವಾಹ ಎಂದು ಬಾಣ ಎಳೆದವಳು. ನಾಚಿಕೆಯಾಗಿ ಕೇಳಲಿಲ್ಲ.

ಆ ಕಡೆ ಅಲೆಗಳು ಸಾಲಾಗಿ ಬಿಳಿ ನೊರೆ ಒಡೆಯುತ್ತಿದ್ದವು. ಅವುಗಳ ನಡುವೆ ಒಂದು ಕಡೆ ಮಾತ್ರ ಅಲೆ ಇರಲಿಲ್ಲ. ಗದ್ದೆಯೊಂದರಷ್ಟು ಅಗಲ, ಸ್ವಲ್ಪ ಕಪ್ಪಗೆ, ನುಣ್ಣಗೆ, ಗಾಳಿಯಿಲ್ಲದ ದಿನದ ನಮ್ಮ ಅಂಜನಾಪುರ ಜಲಾಶಯದ ನೀರಿನಂತೆ. ಮಾವ ಹುಟ್ಟಿ ಈಜು ಕಲಿತದ್ದು ಅಂಜನಾಪುರದಲ್ಲಿ. ರಜೆಯಲ್ಲಿ ನನಗೆ ನೀರು ಪರಿಚಯವಾದದ್ದೂ ಅಲ್ಲೇ. ಅಲ್ಲಿಯ ಮಕ್ಕಳಿಗೆ ದೊಡ್ಡವರು ಹೇಳಿಕೊಡುವುದು ಒಂದೇ ಮಾತು: ನೀರು ಕುಣಿಯುವ ಕಡೆ ತೂಬಿರುತ್ತದೆ, ಒಳಗೆ ಎಳೆಯುತ್ತದೆ, ಅತ್ತ ಹೋಗಬೇಡ, ಸುಮ್ಮನಿರುವ ಕಡೆ ಇಳಿ. ನಾನು ಬೆರಳು ಚಾಚಿ ತೋರಿಸಿದೆ.

"ಮಾವ, ಅಲ್ಲಿ ಇಳೀರಿ. ಅಲ್ಲಿ ಅಲೆನೇ ಇಲ್ಲ."

ಮಾವ ನೋಡಿದರು. "ಹ್ಞೂಂ, ಅದೇ ಸರಿ."

ಅಂಗಿ ಮಡಿಚಿ ಮರಳಿನ ಮೇಲಿಟ್ಟು, ಅದರ ಮೇಲೆ ಕನ್ನಡಕ ಇಟ್ಟರು. ಚಪ್ಪಲಿಗಳನ್ನು ಹೊರಡುವ ದಿಕ್ಕಿಗೆ ಮುಖ ಮಾಡಿ ಬಿಟ್ಟರು, ಡಿಪೋದಲ್ಲಿ ಬಸ್ಸು ನಿಲ್ಲಿಸಿದ ಹಾಗೆ. ಸೊಂಟದವರೆಗೆ ನಡೆದು ಅಂಗಾತ ಮಲಗಿದರು. ಕೈ ಬೀಸಿದರು, ನಾನೂ ಬೀಸಿದೆ. ಇನ್ನೊಮ್ಮೆ ನೋಡಿದಾಗ ಇರಬೇಕಾದ್ದಕ್ಕಿಂತ ದೂರ ಇದ್ದರು. ಮಾವ ಮಗುಚಿ ದಡದ ಕಡೆ ಈಜತೊಡಗಿದರು. ಕೈ ಮುಂದಕ್ಕೆ ಬರುತ್ತಿತ್ತು, ಮನುಷ್ಯ ಹಿಂದಕ್ಕೆ ಹೋಗುತ್ತಿದ್ದರು. ತಲೆ ತೆಂಗಿನಕಾಯಿಯಷ್ಟಾಯಿತು, ಅಡಿಕೆಯಷ್ಟಾಯಿತು. ನಡುವೆ ಒಂದು ಅಲೆ ಎದ್ದಿತು. ಅದು ಇಳಿದಾಗ ಅಲ್ಲಿ ಏನೂ ಇರಲಿಲ್ಲ.

ಮೊಣಕಾಲವರೆಗೆ ನೀರಿಗೆ ಓಡಿದೆ. ಪಾದದ ಅಡಿಯ ಮರಳನ್ನು ಯಾರೋ ಕಸಿದುಕೊಂಡಂತಾಯಿತು. ಹಿಂದಕ್ಕೆ ಬಂದೆ. ಬಂದದ್ದು ಸರಿ ಎಂದು ಎಲ್ಲರೂ ಹೇಳುತ್ತಾರೆ, ನನಗೂ ಗೊತ್ತು. ಆದರೂ ಆ ಎರಡು ಹೆಜ್ಜೆ ಹಿಂದಕ್ಕಿಟ್ಟದ್ದು ಕಾಲಿಗೆ ಇನ್ನೂ ನೆನಪಿದೆ.

ತೋಪಿನೊಳಗೆ ಊರ ಕಡೆ ಓಡಿದೆ. ತಿರುವಿನಲ್ಲಿ ದನಿ ಮಾಡಲಿಲ್ಲ. ಹಿಟ್ಟಿನ ಚೀಲ ಹೇರಿದ್ದ ಕೈಗಾಡಿಗೆ ನೇರವಾಗಿ ಡಿಕ್ಕಿ ಹೊಡೆದೆ. ಚೀಲ ಉರುಳಿತು. ಗಾಡಿಯವನು ಬೈಯಲು ಬಾಯಿ ತೆರೆದವನು ನನ್ನ ಮುಖ ನೋಡಿ ಗಾಡಿಯನ್ನು ಅಲ್ಲೇ ಬಿಟ್ಟು ದೋಣಿಗಳ ಕಡೆ ಓಡಿದ. ಮೌಸಿ ಬಡಿಯುವ ಕೋಲು ಹಿಡಿದುಕೊಂಡೇ ಬಂದರು. ದಂಡೆಯಲ್ಲಿ ನಿಂತು, "ಎಲ್ಲಿ ಇಳಿದರು, ತೋರಿಸು" ಅಂದರು. ಅದೇ ಬೆರಳಿನಿಂದ ಅದೇ ಜಾಗವನ್ನು ಎರಡನೆಯ ಸಲ ತೋರಿಸಿದೆ.

ಮೌಸಿ ಕೋಲನ್ನು ಮರಳಿಗೆ ಊರಿದರು. ಮೆಲ್ಲಗೆ ಹೇಳಿದರು, "ಅಲೆಯಾಗಿ ಬಂದ ನೀರು ವಾಪಸ್ಸು ಹೋಗಬೇಕಲ್ಲ ಮಗಳೇ. ಅದು ಹೋಗುವ ದಾರಿ ಅದು."

ವಾಹನವಿಲ್ಲದ ಆ ದ್ವೀಪದಲ್ಲಿ ಇದ್ದ ಒಂದೇ ಒಂದು ಹೆದ್ದಾರಿಗೆ ನಾನು ಮಾವನನ್ನು ಇಳಿಸಿದ್ದೆ.

ದೋಣಿ ಊರ ಕಡೆಯಿಂದ ಹೊರಟು ಸುತ್ತಿಬರಬೇಕು. ನಾನು ಅಂಗಿಯ ಪಕ್ಕ ಕೂತೆ. ಕನ್ನಡಕದ ಗಾಜಿನ ಮೇಲೆ ಮರಳು ಬೀಳುತ್ತಿತ್ತು, ಒರೆಸುತ್ತಿದ್ದೆ, ಮತ್ತೆ ಬೀಳುತ್ತಿತ್ತು. ಅತ್ತೆಗೆ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಲು ನೋಡಿದೆ. 'ಅತ್ತೆ' ಎಂಬ ಮೊದಲ ಪದದಿಂದ ಮುಂದೆ ಹೋಗಲಿಲ್ಲ. ಮುಕ್ಕಾಲು ಗಂಟೆಯಾಗಿತ್ತಂತೆ, ಆಮೇಲೆ ಮೌಸಿ ಹೇಳಿದ್ದು. ಸಮುದ್ರದ ಮೇಲೆ ಕಣ್ಣು ನೆಟ್ಟು ಕೂತಿದ್ದವಳಿಗೆ ಬೆನ್ನ ಹಿಂದಿನ ತೋಪಿನ ತಿರುವಿನಿಂದ, ತೀರಾ ಸೋತ ದನಿಯಲ್ಲಿ ಕೇಳಿಸಿತು.

"ಪೊಂ... ಪೊಂ ಪೊಂ."

ಯಾರದೋ ಲುಂಗಿ ಸುತ್ತಿಕೊಂಡು, ತುಟಿ ನೀಲಿಗಟ್ಟಿ, ಇಬ್ಬರು ದೋಣಿಯವರ ಹೆಗಲ ಮೇಲೆ ಕೈಹಾಕಿ ಮಾವ ನಡೆದು ಬಂದರು. ಆಡಿದ ಮೊದಲ ಮಾತು, "ಕನ್ನಡಕ ಎಲ್ಲೈತೆ?"

ಮೊದಲು ನೀರಿನ ಜೊತೆ ಗುದ್ದಾಡಿದರಂತೆ. ತೋಳು ಸೋತ ಮೇಲೆ ಅಂಜನಾಪುರದ ಕಾಲುವೆ ನೆನಪಾಯಿತಂತೆ. ಹುಡುಗರಾಗಿದ್ದಾಗ ಕಾಲುವೆಗೆ ಬಿದ್ದರೆ ಎದುರು ಈಜುತ್ತಿರಲಿಲ್ಲ. ಮಲಗಿಬಿಡುವುದು, ಅದು ಎಲ್ಲಿಗೆ ಒಯ್ದು ಬಿಡುತ್ತದೋ ಅಲ್ಲಿ ಹತ್ತುವುದು. ಹಾಗೆ ಮಲಗಿಬಿಟ್ಟರಂತೆ. ಅಲೆ ಒಡೆಯುವ ಸಾಲಿನ ಆಚೆ ತೇಲುತ್ತಿದ್ದವರನ್ನು ದೋಣಿಯವರು ಎತ್ತಿಕೊಂಡು, ಊರ ಕಡೆಯ ದಡಕ್ಕಿಳಿಸಿದ್ದರು.

ಊರಿಗೆ ಬಂದು ಅತ್ತೆಗೆ ಮಾವ ಹೇಳಿದ್ದು ಇಷ್ಟೇ: "ಸ್ವಲ್ಪ ದೂರ ಹೋಗಿದ್ದೆ, ದೋಣಿಯವ್ರು ಕರ್ಕಂಡು ಬಂದ್ರು." ಬೆರಳಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆರು ವರ್ಷವಾಯಿತು. ತರಗತಿಯಲ್ಲಿ ಈಗ ನಾನು ಭೂಪಟವನ್ನು ಸ್ಕೇಲಿನಿಂದ ತೋರಿಸುತ್ತೇನೆ. ಅಂಜನಾಪುರ ತುಂಬಿ ಕೋಡಿ ಬಿದ್ದಾಗ ಊರಿಗೂರೇ ನೋಡಲು ಹೋಗುತ್ತದೆ, ನಾನು ಹೋಗುವುದಿಲ್ಲ. ಹಾಡುಹಗಲು, ಹಾಜರಿ ಕೂಗುತ್ತಿರುವಾಗ, ಆ ತಲೆ ಅಡಿಕೆಯಷ್ಟಾಗುತ್ತದೆ. ವಿಚಿತ್ರವೆಂದರೆ ಅದೇ ಹೊತ್ತಿನಲ್ಲಿ ಆ ಊರು ಬೇಕು ಅನ್ನಿಸುತ್ತದೆ. ಪೊರಕೆಯ ಗೆರೆಗಳ ಮೇಲೆ ಬೆಳಗಿನ ಮೊದಲ ಹೆಜ್ಜೆ ಇಡಬೇಕು, ಮೌಸಿಯ ಅರ್ಧ ಸಾಲಿನ ಲಾಲಿ ತಿರುವಿನಾಚೆಯಿಂದ ಕೇಳಬೇಕು. ಅಂಜಿಕೆ, ಆಸೆ ಎರಡಕ್ಕೂ ಒಂದೇ ವಿಳಾಸ.

ದೀಪಾವಳಿ ಮುಗಿದ ಕೂಡಲೇ ಮಾವ ಪ್ರತಿ ವರ್ಷ ಫೋನು ಮಾಡುತ್ತಾರೆ. "ಏನವ್ವಾ, ಮೌಸಿ ಊರ ಕಡೆ ಗಾಡಿ ಬಿಡಾಣೇನು?" ನಾನು ಪರೀಕ್ಷೆ ಅನ್ನುತ್ತೇನೆ, ತರಬೇತಿ ಅನ್ನುತ್ತೇನೆ, ಒಮ್ಮೆ ಇಲ್ಲದ ಮಂಡಿನೋವನ್ನೂ ಹೇಳಿದ್ದೆ. "ಆತು ಬಿಡು, ಮುಂದಿನ ವರ್ಷ" ಅನ್ನುತ್ತಿದ್ದರು. ಈ ವರ್ಷವೂ ಕೇಳಿದರು, ನಾನೂ ಏನೋ ಹೇಳಿದೆ. "ಆತು ಬಿಡು" ಅಂದರು. ಮುಂದಿನ ವರ್ಷ ಎನ್ನಲಿಲ್ಲ. ಮಾವನಿಗೆ ಈಗ ಎಪ್ಪತ್ತು ದಾಟಿದೆ.

ಕಳೆದ ಭಾನುವಾರ ಅವರೇ ಬಂದರು. ಅತ್ತೆ ಕಳಿಸಿದ ಅವಲಕ್ಕಿಯ ಡಬ್ಬಿ ಹಿಡಿದು ಓಣಿಯಲ್ಲಿ ಬರುತ್ತಿದ್ದವರು ಸರೋಜಮ್ಮನ ಗೇಟಿನ ಮುಂದೆ ನಿಂತುಬಿಟ್ಟರು. ಕಣ್ಣು ಮುಚ್ಚಿ ಉಸಿರೆಳೆದರು. ಸರೋಜಮ್ಮ ಗಾಬರಿಯಾಗಿ, "ಇವತ್ತೇ ಬಸಿತೀನ್ರೀ ಯಜಮಾನ್ರೇ" ಅಂದರು.

"ಬ್ಯಾಡ್ರೀ ತಾಯಿ, ಇನ್ನೊಂದೆರಡು ದಿನ ಇರ್ಲಿ" ಅಂದರು ಮಾವ. ಸರೋಜಮ್ಮ ನನ್ನ ಕಡೆ ನೋಡಿ, ಇದು ಇವರ ವಂಶದಲ್ಲೇ ಇದೆ ಎಂಬಂತೆ ಒಳಗೆ ಹೋದರು.

ಜಗುಲಿಯಲ್ಲಿ ಕೂತು ಚಹಾ ಕುಡಿಯುವಾಗಲೂ ಮಾವನ ಮುಖ ಆ ತೊಟ್ಟಿಯ ಕಡೆಗೇ ಇತ್ತು. ನೋಡುತ್ತಾ ನೋಡುತ್ತಾ ನನ್ನ ಬಾಯಿಂದ ಬಂದುಬಿಟ್ಟಿತು. "ಮಾವ, ಅವತ್ತು ಅಲ್ಲಿ ಇಳೀರಿ ಅಂತ ತೋರ್ಸಿದ್ದು ನಾನು."

"ಹ್ಞೂಂ."

"ಅತ್ತೆಗೆ ನೀವು ಹೇಳ್ಲಿಲ್ಲ."

"ಹೇಳಕ್ಕೇನೈತೆ ಅದ್ರಾಗ?"

"ನಾನು ಕೊಂದೇಬಿಟ್ಟಿದ್ದೆ ನಿಮ್ಮನ್ನ."

ಮಾವ ಲೋಟ ಕೆಳಗಿಟ್ಟರು. ಬಸ್ಸಿನ ಕನ್ನಡಿಯಲ್ಲಿ ನೋಡುತ್ತಿದ್ದ ಹಾಗೆ ಒಮ್ಮೆ ನನ್ನನ್ನು ನೋಡಿದರು. "ಅಲ್ಲವ್ವಾ, ಕಂಡಕ್ಟರ್ ರೈಟ್ ಅಂದ ಅಂತ ಡ್ರೈವರ್ ಕಣ್ಮುಚ್ಕಂಡು ಗಾಡಿ ಬಿಡ್ತಾನೇನು? ನಾನೂ ನೋಡಿದ್ನಲ್ಲ. ಅದೇ ಸರಿ ಅಂದವ್ನು ನಾನು. ಸ್ಟೇರಿಂಗ್ ನನ್ನ ಕೈಯಾಗಿತ್ತು." ಲೋಟ ಮತ್ತೆ ಕೈಗೆತ್ತಿಕೊಂಡು, "ಇಷ್ಟು ವರ್ಷ ಇದಕ್ಕೇನೆ ಮಂಡಿನೋವು?" ಅಂದರು.

ನನಗೆ ಅಳು ಬಂತು, ಅವರು ನಕ್ಕರು. ಮತ್ತೆ ಆ ಮಾತು ಎತ್ತಲಿಲ್ಲ. ಅವಲಕ್ಕಿ ಚೆನ್ನಾಗಿದೆಯೋ ಇಲ್ಲವೋ ಫೋನು ಮಾಡಿ ಅತ್ತೆಗೆ ಹೇಳಬೇಕಂತೆ, ಅದೊಂದನ್ನು ಎರಡು ಸಲ ಹೇಳಿದರು.

ನಾಲ್ಕು ಗಂಟೆಯ ಬಸ್ಸಿಗೆ ಹೊರಟರು. ನಾನು ಗೇಟಿನಲ್ಲಿ ನಿಂತೆ. ನಮ್ಮ ಓಣಿ ಹಾಲಿನ ಡೈರಿಯ ಹತ್ತಿರ ಬಲಕ್ಕೆ ತಿರುಗುತ್ತದೆ, ಆಚೆಗೆ ಏನೂ ಕಾಣುವುದಿಲ್ಲ. ಮಾವ ಎಡಬದಿ ಹಿಡಿದು ನಡೆದರು, ಮೊದಲಿಗಿಂತ ನಿಧಾನ. ಸರೋಜಮ್ಮ ತೊಟ್ಟಿಯ ಪಕ್ಕ ಬಟ್ಟೆ ಹಿಂಡುತ್ತಿದ್ದರು. ಡೈರಿಯ ಮೆಟ್ಟಿಲ ಮೇಲೆ ನನ್ನ ಶಾಲೆಯ ಇಬ್ಬರು ಮಕ್ಕಳು ಕೂತಿದ್ದರು. ಮಾವ ತಿರುವಿನ ಹತ್ತಿರ ಹೋದರು, ತಿರುಗಿದರು, ಮರೆಯಾದರು.

"ಮಾವ, ಬೇಸಿಗೆ ರಜೆಗೆ ಮೌಸಿ ಊರಿಗೆ," ಎಂದು ಕೂಗಿದೆ. ನನ್ನ ದನಿಗೆ ನಾನೇ ಬೆಚ್ಚಿದೆ. ಆಚೆಯಿಂದ ಏನೂ ಬರಲಿಲ್ಲ. ಸರೋಜಮ್ಮ ಹಿಂಡುವುದನ್ನು ನಿಲ್ಲಿಸಿದರು. ಇನ್ನೂ ಗಟ್ಟಿಯಾಗಿ, ಇಡೀ ಓಣಿಗೆ ಕೇಳುವಂತೆ ಕೂಗಿದೆ.

"ರೈಟ್... ರೈಟ್."

ಕಾಣದ ತಿರುವಿನಿಂದ, ಒಂದು ಉದ್ದ, ಎರಡು ಗಿಡ್ಡ.